ಆಗುಂಬೆ ಘಾಟಿಯಲ್ಲಿ ಮಾತ್ರ ಬರುತ್ತಿದ್ದ ನಾತ

ಮೊನ್ನೆ ಭಾನುವಾರ ಸೋಮೇಶ್ವರದಿಂದ ಆಗುಂಬೆಗೆ ಹತ್ತಿದೆವು. 14 ತಿರುವುಗಳೂ ಮುಗಿದವು. ಓಮ್ನಿಯ ಕಿಟಕಿಗಳನ್ನು ಬೇಕೆಂದೇ ಹಾಕಿಟ್ಟಿದ್ದೆ. ಹಿಂದೆ ಕೂತಿದ್ದ ಅಮ್ಮ ಒಂದು ಸಲವೂ ಮೂಗಿಗೆ ಸೆರಗು ಹಿಡಿಯಲಿಲ್ಲ. ಮೇಲೆ ಬಂದು ಗಾಡಿ ನಿಲ್ಲಿಸಿ, ಗಾಡಿಯೊಳಗೇ ಇಟ್ಟುಕೊಂಡಿರುವ ಟಾಯ್ಲೆಟ್ಟಿನ ಪಕ್ಕದಲ್ಲೇ ಮಂಡಿಯೂರಿ ಮೂಸಿ ನೋಡಿದೆ. ಏನೂ ಇಲ್ಲ. ನಾಲ್ಕು ತಿಂಗಳು ಕಾಡಿದ ನಾತ ಹೋಗಿದೆ. ಚಹಾ ಕುಡಿದದ್ದು ಅದಾದ ಮೇಲೆ.

ಹಿಂದಿನ ಸೀಟು ತೆಗೆದದ್ದು, ಪ್ಲೈವುಡ್ ಪೆಟ್ಟಿಗೆ ಮಾಡಿದ್ದು, ಪರದೆ ಕಟ್ಟಿದ್ದು ಇದೆಲ್ಲ ಗಾಡಿಯಲ್ಲೇ ಇಂಥ ಸೌಕರ್ಯ ಮಾಡಿಕೊಂಡು ಸುತ್ತುವ ಹವ್ಯಾಸದವರಿಗೆ ಗೊತ್ತಿರುವ ಕೆಲಸವೇ. ನಮ್ಮದು ಎರಡು ಟ್ಯಾಂಕಿನ ಸಾಮಾನ್ಯ ಪೋರ್ಟಬಲ್ ಟಾಯ್ಲೆಟ್. ಮೇಲೆ ಫ್ಲಶ್ ನೀರು, ಕೆಳಗೆ 20 ಲೀಟರಿನ ಕೊಳೆ ಟ್ಯಾಂಕ್, ಎರಡರ ನಡುವೆ ಎಳೆದು ತೆರೆಯುವ ಚಪ್ಪಟೆ ಬಾಗಿಲು, ಅದೇ ಬ್ಲೇಡ್. ಒಳಗಿನ ಒತ್ತಡ ಬಿಡುವ ವಾಲ್ವ್ ಈ ಮಾಡೆಲ್‌ನಲ್ಲಿಲ್ಲ. ಅದು ಮುಖ್ಯ ಅಂತ ಕೊಳ್ಳುವಾಗ ಗೊತ್ತಿರಲಿಲ್ಲ.

ವಿಚಿತ್ರ ಏನೆಂದರೆ, ಮಲ್ಪೆಯ ಹತ್ತಿರ ಮೂರು ದಿನ ಇದ್ದಾಗ ಒಂಚೂರೂ ವಾಸನೆ ಇರಲಿಲ್ಲ. ಹೆಬ್ರಿಯವರೆಗೂ ಇಲ್ಲ. ಘಾಟಿಯ ಆರನೆಯೋ ಏಳನೆಯೋ ತಿರುವಿನಲ್ಲಿ ಶುರುವಾಯಿತು. ಗೊಬ್ಬರ ತೆಗೆಯದ ಕೊಟ್ಟಿಗೆಯಂಥ, ಕಣ್ಣು ಉರಿಸುವ ಘಾಟು. ತಿರುವಿನಲ್ಲಿ ಕುಲುಕಿ ಎಲ್ಲೋ ಸೋರುತ್ತಿದೆ ಅಂದುಕೊಂಡೆ. ಶಿವಮೊಗ್ಗಕ್ಕೆ ಬಂದಮೇಲೆ, ಟ್ಯಾಂಕಿಗೆ ಬರೀ ನೀರು ತುಂಬಿ ಊರ ಹೊರಗಿನ ಕಿತ್ತುಹೋದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ. ಸುತ್ತ ಇಟ್ಟಿದ್ದ ಹಳೇ ಪೇಪರಿನ ಮೇಲೆ ಒಂದು ಹನಿ ಬಿದ್ದಿರಲಿಲ್ಲ.

ಆಮೇಲೆ, ನಾತ ಬರದಿರಲಿ ಅಂತ ಕೊಳೆ ಟ್ಯಾಂಕಿಗೆ ಹಾಕುತ್ತಿದ್ದ ನೀಲಿ ದ್ರವದ ಮೇಲೆ ಅನುಮಾನ. ಅದನ್ನು ಕಳಿಸಿದ ಆನ್‌ಲೈನ್ ಅಂಗಡಿಯವರ ಬಗ್ಗೆ ನನಗೆ ಸಿಟ್ಟಿದೆ. ಲೀಟರಿಗೆ 900 ರೂಪಾಯಿ ತಗೊಂಡರು, ಬಾಟಲಿಯಲ್ಲಿ ಏನಿದೆ ಅಂತ ಚೀಟಿಯಲ್ಲಿ ಒಂದು ಸಾಲಿಲ್ಲ. ಕೇಳಿದರೆ ‘ಟಾಪ್ ಕ್ವಾಲಿಟಿ ಸಾರ್’ ಅಂತ ಉತ್ತರ. ಇಂಥ ದ್ರವಗಳಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಹಾಕುತ್ತಾರೆ. ನಾವು ಟ್ಯಾಂಕ್ ಖಾಲಿ ಮಾಡುವುದು ಮನೆಯ ಕಕ್ಕಸಿಗೆ, ಅದು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ. ಅಲ್ಲಿ ಕೊಳೆ ಕರಗಿಸುವ ಬ್ಯಾಕ್ಟೀರಿಯಾವನ್ನೇ ಫಾರ್ಮಾಲ್ಡಿಹೈಡ್ ಕೊಲ್ಲುತ್ತದೆ. ಏನಿದೆ ಅಂತ ಹೇಳದವರ ಬಾಟಲಿ ಇನ್ನು ನಮ್ಮ ಮನೆಗೆ ಬೇಡ.

ಸುಳಿವು ಕೊಟ್ಟಿದ್ದು ಮಗಳು. ಎರಡನೇ ಸಲ ಮಲ್ಪೆಯಿಂದ ವಾಪಸ್ ಬರುವಾಗ ಅಲ್ಲಿ ಕೊಂಡಿದ್ದ ಚಿಪ್ಸ್ ಪ್ಯಾಕೆಟ್ ತೋರಿಸಿ, ‘ಅಪ್ಪಾ, ಇದು ಯಾಕೆ ದಿಂಬಿನ ಥರ ಉಬ್ಬಿದೆ?’ ಅಂದಳು. ಆಗಷ್ಟೇ ಆಗುಂಬೆ ತಲುಪಿದ್ದೆವು. ಹೊರಗಿನ ಗಾಳಿಯ ಒತ್ತಡ ಇಳಿದಿದೆ, ಒಳಗಿನದು ಮಲ್ಪೆಯದ್ದೇ ಇದೆ. ಪ್ಯಾಕೆಟ್ಟಿಗೆ ಆದದ್ದೇ ನಮ್ಮ ಟ್ಯಾಂಕಿಗೂ ಆಗಿದೆ!

ಆ ರಾತ್ರಿ ಲೆಕ್ಕ ಹಾಕಿದೆ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರ. ಅಲ್ಲಿ ಗಾಳಿಯ ಒತ್ತಡ ಮಲ್ಪೆಗಿಂತ ಸುಮಾರು 7 ಪರ್ಸೆಂಟ್ ಕಡಿಮೆ. ಟ್ಯಾಂಕಿನಲ್ಲಿ 5 ಲೀಟರ್ ಕೊಳೆ, 15 ಲೀಟರ್ ಗಾಳಿ ಇದ್ದರೆ, ಘಾಟಿ ಹತ್ತಿ ಮುಗಿಯುವಷ್ಟರಲ್ಲಿ ಒಂದು ಲೀಟರಿಗಿಂತ ಹೆಚ್ಚು ಗಾಳಿ ಹೊರಗೆ ಬರಲು ದಾರಿ ಹುಡುಕುತ್ತದೆ. ಬಿಸಿಲಿಗೆ ಗಾಡಿ ಕಾದರೆ ಇನ್ನೂ ಜಾಸ್ತಿ. ಓಮ್ನಿಯಂಥ ಪುಟ್ಟ ಗಾಡಿಯೊಳಗೆ ಒಂದು ಲೀಟರ್ ಅಮೋನಿಯಾ ಗಾಳಿ ಸಾಕೋ ಸಾಕು.

ದಾರಿ ಹುಡುಕುತ್ತದೆ, ಸರಿ. ಎಲ್ಲಿಂದ? ನೀರು ಸೋರುವುದಿಲ್ಲ, ಗಾಳಿ ಸೋರುತ್ತದೆ. ಮೂಸಿ ಹುಡುಕಿದರೆ ಇಡೀ ಪೆಟ್ಟಿಗೆಯೇ ನಾರುತ್ತದೆ, ಜಾಗ ಸಿಗುವುದಿಲ್ಲ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರ ಹತ್ತಿರ ಹೇಳಿಕೊಂಡೆ. ‘ಸೋಪ್ ನೀರು ಬಿಡಿ ಸಾರ್, ಗುಳ್ಳೆ ಎಲ್ಲಿ ಬರುತ್ತೋ ಅಲ್ಲೇ’ ಅಂದರು. ತೊಳೆದ ಟ್ಯಾಂಕಿಗೆ ಎರಡು ಚೊಂಬು ಬಿಸಿನೀರು ಹಾಕಿ, ಮುಚ್ಚಳ ಬಿಗಿದು, ಒಮ್ಮೆ ಕುಲುಕಿ, ಬ್ಲೇಡಿನ ಸುತ್ತ ಸೋಪ್ ನೊರೆ ಹಚ್ಚಿದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಿಸಿನೀರಿಗೆ ಒಳಗಿನ ಗಾಳಿ ಹಿಗ್ಗಿತು. ಬ್ಲೇಡಿನ ಹಿಂಭಾಗದ ಎಡಮೂಲೆಯಲ್ಲಿ, ಕಡಲೆಕಾಳಿನಷ್ಟು ಅಗಲದಲ್ಲಿ, ಗುಳ್ಳೆ ಮೇಲೆ ಗುಳ್ಳೆ.

ಬ್ಲೇಡಿನ ಅಂಚಿನ ರಬ್ಬರ್ ಸೀಲ್ ಹಾಳಾಗಿದೆ ಅಂತ ತೀರ್ಮಾನಿಸಿ ಹೊಸದು ತರಿಸಿದೆ. ಇಲ್ಲಿ 23 ದಿನ ಹೋಯಿತು. ಮೊದಲು ಬಂದದ್ದು ಬೇರೆ ಮಾಡೆಲಿನದು, 4 ಮಿಲಿಮೀಟರ್ ಚಿಕ್ಕದು. ವಾಪಸ್ ಕಳಿಸಿದೆ. ಎರಡನೇ ಸಲ ಕವರಿನ ಮೇಲೆ ಸರಿಯಾದ ನಂಬರಿನ ಚೀಟಿ, ಒಳಗೆ ಅದೇ ಚಿಕ್ಕ ಸೀಲ್. ಚೀಟಿ ಬದಲಿಸಿ ಕಳಿಸುವವರಿಗೆ ಒಂದು ಸ್ಕೇಲ್ ಹಿಡಿದು ಅಳೆಯುವುದಕ್ಕೆ ಅರ್ಧ ನಿಮಿಷ ಸಾಕಿತ್ತು.

ಹಳೇ ಸೀಲನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕೂತಿದ್ದಾಗ ಅಮ್ಮ ಬಂದು ನೋಡಿದರು. ‘ಕುಕ್ಕರ್ ಗ್ಯಾಸ್ಕೆಟ್ಟಿಗೆ ಒಂದು ಅಗುಳು ಅಂಟಿದ್ರೂ ಸೀಟಿ ಬರಲ್ಲ ಕಣೋ. ಅಲ್ಲಿ ಏನಾದ್ರೂ ಕೂತಿದೆಯಾ ನೋಡು’ ಅಂದರು. ಬೆರಳು ಆಡಿಸಿದೆ. ಎಡಮೂಲೆಯಲ್ಲಿ ಮರಳು ಸವರಿದಂತೆ ಒರಟು. ಟಾರ್ಚ್ ಹಾಕಿದರೆ ಹಳದಿ ಮಿಶ್ರಿತ ಬಿಳಿ ಪೊರೆ, ಉಗುರಿಗೆ ಬಾರದಷ್ಟು ಗಟ್ಟಿ. ರಬ್ಬರ್ ಚೆನ್ನಾಗೇ ಇತ್ತು. ಆ ಪೊರೆ ಬ್ಲೇಡನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿತ್ತು.

ಆ ಪೊರೆ ಎಲ್ಲಿಂದ ಬಂತು ಅನ್ನುವುದು ಎಲ್ಲಕ್ಕಿಂತ ಉಪಯುಕ್ತ ಪಾಠ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾದ ಯೂರಿಯೇಸ್ ಎಂಬ ಕಿಣ್ವ ಒಡೆದು ಅಮೋನಿಯಾ ಮಾಡುತ್ತದೆ, ದ್ರವ ಕ್ಷಾರವಾಗುತ್ತದೆ. ಕ್ಷಾರವಾದ ಕೂಡಲೇ ಅದರಲ್ಲಿರುವ ಫಾಸ್ಫೇಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕಲ್ಲಾಗುತ್ತದೆ. ನಾನು ಫ್ಲಶ್ ಟ್ಯಾಂಕಿಗೆ ತುಂಬುತ್ತಿದ್ದದ್ದು ಅಡುಗೆಮನೆಯ ಆರ್‌ಓ ಹೊರಬಿಡುವ ನೀರು. ನೀರು ಪೋಲಾಗದಿರಲಿ ಅಂತ. ಆದರೆ ಬೋರ್‌ವೆಲ್ಲಿನ ಗಡಸೆಲ್ಲ ಒಟ್ಟಾಗಿ ಬರುವುದೇ ಆ ನೀರಿನಲ್ಲಿ! ಪ್ರತಿ ಫ್ಲಶ್‌ಗೂ ಸೀಲಿನ ಅಂಚಿಗೆ ನಾನೇ ಕ್ಯಾಲ್ಸಿಯಂ ಒದಗಿಸುತ್ತಿದ್ದೆ. ಈಗ ಮಳೆನೀರು ಮಾತ್ರ. ಮಲೆನಾಡಿನ ಬಾಗಿಲಲ್ಲಿ ಇದ್ದು ಅದಕ್ಕೆ ಕೊರತೆಯೇನೂ ಇಲ್ಲ.

ಪೊರೆ ಕರಗಿಸಿದ್ದು ಸಿಟ್ರಿಕ್ ಆಸಿಡ್. ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೆ ಕೊಡುತ್ತಾರೆ. ಲೀಟರ್ ನೀರಿಗೆ 50 ಗ್ರಾಂ, ರಾತ್ರಿ ಪೂರ್ತಿ ನೆನೆಸಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಹೋಯಿತು. ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ತೆಳ್ಳಗೆ. ಮೊದಲು ಕೊಬ್ಬರಿ ಎಣ್ಣೆ ಸವರುತ್ತಿದ್ದೆ, ಚಳಿಗಾಲದ ಬೆಳಗ್ಗೆ ಅದು ಗಟ್ಟಿಯಾಗಿ ಬ್ಲೇಡ್ ಎಳೆಯುವುದೇ ಕಷ್ಟವಾಗುತ್ತಿತ್ತು, ದೂಳೂ ಹಿಡಿಯುತ್ತಿತ್ತು.

ಕೆಳಗಿನ ಟ್ಯಾಂಕಿಗೂ ಈಗ ನೀಲಿ ದ್ರವದ ಬದಲು ಎರಡು ಲೀಟರ್ ಮಳೆನೀರಿನಲ್ಲಿ 60 ಗ್ರಾಂ ನಿಂಬೆ ಉಪ್ಪು. ಹುಳಿ ಇದ್ದಷ್ಟು ಹೊತ್ತು ಯೂರಿಯೇಸ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆದ ಅಮೋನಿಯಾವೂ ದ್ರವದಲ್ಲೇ ಉಳಿಯುತ್ತದೆ. ಒಂದು ಎಚ್ಚರಿಕೆ: ಇದನ್ನು ಖಾಲಿ, ತೊಳೆದ ಟ್ಯಾಂಕಿಗೆ ಮೊದಲೇ ಹಾಕಿ. ನಾನು ಒಮ್ಮೆ ಎರಡು ದಿನ ಹಳತಾದ ಟ್ಯಾಂಕಿಗೆ ಸುರಿದೆ. ಬುಸ್ ಅಂತ ನೊರೆ ಉಕ್ಕಿ ಬಾಯಿವರೆಗೆ ಬಂತು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಹುಳಿ ಅಮೋನಿಯಾವನ್ನು ಹಿಡಿದಿಟ್ಟರೂ ಹಳೇ ಕೊಳೆಯಲ್ಲಿರುವ ಸಲ್ಫೈಡನ್ನು ಗಾಳಿಗೆ ಬಿಡುತ್ತದೆ. ಇನ್ನು ಬ್ಲೀಚಿಂಗ್ ಪೌಡರನ್ನಂತೂ ಈ ಟ್ಯಾಂಕಿನ ಹತ್ತಿರವೂ ತರಬೇಡಿ. ಹುಳಿಗೆ ಸೇರಿದರೆ ಕ್ಲೋರಿನ್, ಮೂತ್ರಕ್ಕೆ ಸೇರಿದರೆ ಕ್ಲೋರಮೈನ್. ಮುಚ್ಚಿದ ಗಾಡಿಯಲ್ಲಿ ಎರಡೂ ಅಪಾಯ.

ಸೀಲ್ ಭದ್ರವಾದ ಮೇಲೆ ಒತ್ತಡ ಒಳಗೇ ಉಳಿಯುತ್ತದೆ. ಅದರ ಮೇಲೆ ಯಾರಾದರೂ ಕೂತು ಬ್ಲೇಡ್ ಎಳೆದರೆ ಹನಿ ಹಾರುತ್ತದೆ. ಹಾಗಾಗಿ ಘಾಟಿ ಹತ್ತಿದ ಮೇಲೆ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಮೇಲಿನ ಮುಚ್ಚಳ ಹಾಕಿಕೊಂಡೇ ಬ್ಲೇಡನ್ನು ಬೆರಳಗಲ ಮೆಲ್ಲಗೆ ಎಳೆದು ಗಾಳಿ ಬಿಡುತ್ತೇನೆ. ಮುಂದೆ ಯಾವಾಗಲಾದರೂ, ಈ ಗಾಳಿ ತಾನೇ ಹೊರಹೋಗುವ ಹಾಗೆ, ಅಕ್ವೇರಿಯಂ ಪೈಪನ್ನು ಟ್ಯಾಂಕಿನ ಮುಚ್ಚಳದಿಂದ ಸೀಟಿಗಿಂತ ಎತ್ತರಕ್ಕೆ ಒಯ್ದು, ಗಾಡಿಯ ತಳದ ತೂತಿನಿಂದ ಹೊರಗೆ ಇಳಿಸಬೇಕು. ಎತ್ತರದ ಬಳಸು ಇಲ್ಲದಿದ್ದರೆ ತಿರುವಿನಲ್ಲಿ ದ್ರವವೇ ಪೈಪಿಗೆ ಬರುತ್ತದೆ.

ಆದರೆ ಮನಸ್ಸು ಆಗಲೇ ಇನ್ನೊಂದರ ಮೇಲೆ ಹೋಗಿದೆ: ನೀರೇ ಬೇಡದ ಟಾಯ್ಲೆಟ್. ಮುಂದೆ ಆಲಿಕೆ, ಮೂತ್ರ ಬೇರೆ ಕ್ಯಾನಿಗೆ. ಹಿಂದೆ ಬಕೆಟ್ಟು, ಅದಕ್ಕೆ ತೆಂಗಿನ ನಾರಿನ ಪುಡಿ. ಎರಡೂ ಬೆರೆಯದಿದ್ದರೆ ನಾತ ಹುಟ್ಟುವುದೇ ನಿಧಾನ. ತಿಪಟೂರಿನ ಕಡೆಯ ಸ್ನೇಹಿತರು ನಾರಿನ ಪುಡಿ ಒಂದು ಚೀಲ ಕಳಿಸುತ್ತೇನೆ ಅಂದಿದ್ದಾರೆ. ಆಲಿಕೆಯ ಆಕಾರ ನಮ್ಮ ಮನೆಯ ಹೆಂಗಸರಿಗೆ ಹೊಂದಬೇಕು. ರಟ್ಟಿನಲ್ಲಿ ಮೂರು ಅಳತೆ ಕತ್ತರಿಸಿ ಇಟ್ಟಿದ್ದೇನೆ, ಹೆಂಡತಿ ಎರಡನ್ನು ಆಗಲೇ ತಳ್ಳಿಹಾಕಿದ್ದಾಳೆ.

ಅಮ್ಮನಿಗೆ ಮಂಡಿ ಬಗ್ಗುವುದಿಲ್ಲ. ಪ್ರಯಾಣದ ದಿನ ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನೇ ಬಿಡುತ್ತಿದ್ದರು, ದಾರಿಯಲ್ಲಿ ಎಲ್ಲಿ ಹೋಗುವುದು ಅಂತ. ಓಮ್ನಿಯ ಕೆಲಸ ಶುರು ಮಾಡಿದ್ದೇ ಅದಕ್ಕೆ. ಮೊನ್ನೆ ಹೆಬ್ರಿಯಲ್ಲಿ ಎಳನೀರು ಕುಡಿದರು, ಆಗುಂಬೆಯಲ್ಲಿ ಚಹಾ ಕುಡಿದರು. ತೀರ್ಥಹಳ್ಳಿ ದಾಟಿದ ಮೇಲೆ ಪರದೆ ಸರಿಸಿ ಹೊರಗೆ ಬಂದು, ‘ಏಳುವಾಗ ಹಿಡಿಯೋಕೆ ಎಡಗಡೆ ಏನಾದ್ರೂ ಹಾಕಿಕೊಡೋ’ ಅಂದರು. ನಾಳೆ ಒಂದು ಇಂಚಿನ ಜಿಐ ಪೈಪ್ ಎರಡಡಿ ತರಬೇಕು.