ಕೋಕಮ್ ಸೋಡಾ: ಉಪ್ಪು ಮೊದಲು, ಸೋಡಾ ಕೊನೆಗೆ

ಬೇಸಿಗೆಯಲ್ಲಿ ಗೋವೆಯ ಮಾಪುಸಾದ ಶುಕ್ರವಾರದ ಸಂತೆಗೆ ತಾಜಾ ಕೋಕಮ್ ಬರುತ್ತದೆ, ನಮ್ಮ ಮುರುಗಲು, ಪುನರ್ಪುಳಿಯೇ. ಸೋಡಾಕ್ಕೆ ಬೇಕಾದದ್ದು ಅದು. ಗೋವೆಗೆ ಹೊಸದಾಗಿ ಬಂದವರು ಬಣ್ಣ ನೋಡಿ ಆಗಳದ ಬಾಟಲಿ ಹೊತ್ತು ತರುತ್ತಾರೆ. ಆಗಳವೆಂದರೆ ಉಪ್ಪು ಹಾಕಿ ಇಳಿಸಿದ ರಸ, ತೆಂಗಿನ ಹಾಲು ಬೆರೆಸಿ ಮಾಡುವ ಸೋಲ್‌ಕಢಿಗೆ ಸರಿ. ಸೋಡಾಕ್ಕೆ ಬೆರೆಸಿದರೆ ಎಷ್ಟು ಸಕ್ಕರೆ ಸುರಿದರೂ ಉಪ್ಪಿನಕಾಯಿ ನೀರೇ. ಸಾರಿಗೆಂದು ಮಾರುವ ಒಣ ಸಿಪ್ಪೆಗೂ ಸಾಮಾನ್ಯವಾಗಿ ಉಪ್ಪು ಹಿಡಿದಿರುತ್ತದೆ.

ಹಣ್ಣು ತೊಳೆದು, ಒದ್ದೆ ಪೂರ್ತಿ ಒರೆಸಿ, ಸೀಳಿ, ಬೀಜ ತೆಗೆಯಿರಿ. 1 ಕೆಜಿ ಸಿಪ್ಪೆಗೆ 2 ಕೆಜಿ ಸಕ್ಕರೆ. ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಮೇಲಿನ ಪದರ ಸಕ್ಕರೆಯದೇ ಇರಲಿ. ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ, ದಿನಕ್ಕೊಮ್ಮೆ ಒಣ ಸೌಟಿನಿಂದ ಕೈಯಾಡಿಸಿ. ಬೂಸ್ಟು ಹಿಡಿಯುವುದು ರಸದ ಮೇಲೆ ತೇಲಿ ಒಣಗುವ ಸಿಪ್ಪೆಯಲ್ಲೇ. ಅದನ್ನು ಒತ್ತಿ ಮುಳುಗಿಸುತ್ತಿರಬೇಕು. ಬೇಗ ಆಗಲೆಂದು ಕುದಿಸಬೇಡಿ, ಕೆಂಪು ಕಂದಾಗುತ್ತದೆ, ಘಮ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸೋಸಿ ಫ್ರಿಜ್‌ನಲ್ಲಿಡಿ.

300 ಮಿಲೀ ಗ್ಲಾಸಿಗೆ 45 ಮಿಲೀ ಸಿರಪ್, ಚಿಟಿಕೆ ಕಾಲಾ ನಮಕ್, ಕಾಲು ಚಮಚ ಹುರಿದ ಜೀರಿಗೆ ಪುಡಿ. ಇಷ್ಟನ್ನೂ ಈಗಲೇ ಚೆನ್ನಾಗಿ ಕಲಸಿಬಿಡಿ. ಉಪ್ಪನ್ನು ಕೊನೆಗೆ ಉದುರಿಸಿದರೆ ಹರಳು ಹರಳಿನ ಸುತ್ತ ಗುಳ್ಳೆಯೆದ್ದು ನೊರೆ ಗ್ಲಾಸಿನಿಂದ ಮೇಜಿಗಿಳಿಯುತ್ತದೆ, ಉಳಿದದ್ದು ಸಪ್ಪೆ. ಆಮೇಲೆ ಮೂರ್ನಾಲ್ಕು ತುಂಡು ಐಸ್. ಮಂಜು ಹಿಡಿದ ಐಸ್ ಆದರೆ ನೀರಲ್ಲೊಮ್ಮೆ ಅದ್ದಿ ಹಾಕಿ. ಆ ಒರಟು ಮೈಯೂ ಗ್ಯಾಸ್ ಎಬ್ಬಿಸುತ್ತದೆ. ಸೋಡಾ ಚೆನ್ನಾಗಿ ತಣ್ಣಗಿರಬೇಕು, ಬೆಚ್ಚಗಾದಷ್ಟೂ ಗ್ಯಾಸ್ ನಿಲ್ಲುವುದಿಲ್ಲ. ಗ್ಲಾಸ್ ವಾಲಿಸಿ ಅಂಚಿನಗುಂಟ ಸುಮಾರು 180 ಮಿಲೀ ಇಳಿಬಿಡಿ. ಗೋಲಿ ಸೋಡಾ ಆದರೆ ಗೋಲಿಯನ್ನು ಕುತ್ತಿಗೆಯ ತಗ್ಗಿಗೆ ಸಿಕ್ಕಿಸಿ ಬಗ್ಗಿಸಿ, ಇಲ್ಲವಾದರೆ ಅದು ಉರುಳಿಬಂದು ದಾರಿ ಮುಚ್ಚುತ್ತದೆ. ಸಿರಪ್ ಭಾರ, ತಳಕ್ಕಿಳಿಯುತ್ತದೆ. ಉದ್ದ ಚಮಚದಿಂದ ಒಂದೇ ಸಲ ಮೇಲಕ್ಕೆತ್ತಿದರೆ ಸಾಕು. ನಿಂಬೆ ಹಿಂಡುವವರಿದ್ದಾರೆ. ಅನಗತ್ಯ.

ಸೋಡಾ ಸಿಗಲಿಲ್ಲವೆಂದು ನೀರಿಗೆ ಅಡುಗೆ ಸೋಡಾ ಹಾಕುವ ಉಪಾಯ ಮಾತ್ರ ಇಲ್ಲಿ ನಡೆಯದು. ಹುಳಿ ಸಾಯುತ್ತದೆ, ಬಣ್ಣ ಕೊಳಕು ನೀಲಿಗೆ ತಿರುಗುತ್ತದೆ. ಅಂಗಡಿಯ ಸಿರಪ್ ಮೇಲೆ ಅನುಮಾನವಿದ್ದರೆ ಇದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು: ಒಂದು ಚಮಚ ಸಿರಪ್ಪಿಗೆ ನೀರು ಬೆರೆಸಿ ಅಡುಗೆ ಸೋಡಾ ಹಾಕುತ್ತಾ ಹೋಗಿ. ಎಷ್ಟು ಹಾಕಿದರೂ ಕೆಂಪು ಕದಲದಿದ್ದರೆ ಆ ಬಣ್ಣ ಕೋಕಮಿನದಲ್ಲ.