ಮೊಟ್ಟೆ ಇಲ್ಲ, ಧಾನ್ಯ ಇಲ್ಲ, ಹಾಗಾದ್ರೆ ತಿಂಡಿಗೆ ಏನು?

ಕೀಲಿನ ಕಾಯಿಲೆಗೆಂದು ನಾನು ಕೆಲವು ವಾರ ಧಾನ್ಯ, ಮೊಟ್ಟೆ ಬಿಟ್ಟಾಗ ನಮ್ಮ ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದು ಹೀಗೆ: "ಅಲ್ಲ ಕಣೇ, ಅಕ್ಕಿ ಇಲ್ಲ, ರಾಗಿ ಇಲ್ಲ, ಗೋಧಿ ಇಲ್ಲ, ಮೊಟ್ಟೆನೂ ಇಲ್ಲ. ಬೆಳಿಗ್ಗೆ ಎದ್ದು ಗಾಳಿ ತಿಂತೀಯಾ?"

ಆಫೀಸಿನವರು ಇದನ್ನೇ ಸ್ವಲ್ಪ ಮರ್ಯಾದೆಯಿಂದ ಕೇಳುತ್ತಾರೆ. ಮಧ್ಯಾಹ್ನಕ್ಕೆ ಏನು, ರಾತ್ರಿಗೆ ಏನು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ತಿಂಡಿಯದೇ ಚಿಂತೆ. ಅದೂ ಸರಿಯೇ. ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಅಕ್ಕಿ ರೊಟ್ಟಿ, ಕಡುಬು, ಚಿತ್ರಾನ್ನ, ಪೂರಿ. ಇದರಲ್ಲಿ ಧಾನ್ಯ ತೆಗೆದರೆ ತಟ್ಟೆಯಲ್ಲಿ ಉಳಿಯುವುದು ಚಟ್ನಿ. ಆ ಚಟ್ನಿಯಲ್ಲೂ ಹುರಿಗಡಲೆ ಮತ್ತು ಮೆಣಸಿನಕಾಯಿ ಇರುವುದರಿಂದ ನನಗೆ ಅದೂ ಇರಲಿಲ್ಲ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗೊತ್ತಾಯಿತು. ನಮ್ಮದೇ ರೋಗನಿರೋಧಕ ವ್ಯವಸ್ಥೆ ನಮ್ಮ ಕೀಲುಗಳ ಮೇಲೆ ಬೀಳುವ ಕಾಯಿಲೆ ಇದು. ಇಂಥವನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ನಲ್ಲಿ ತಿರುಗಿಸಲು ಎರಡೂ ಕೈ ಬೇಕಿತ್ತು. ಆ ವ್ಯವಸ್ಥೆಯ ಅಬ್ಬರ ತಗ್ಗಿಸಲು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ. ಅದು ಈಗಲೂ ನಡೆಯುತ್ತಿದೆ. ಊಟದ ಪ್ರಯೋಗ ಮಾಡಿದ್ದು ಮಾತ್ರೆಯ ಜೊತೆಗೆ, ಮಾತ್ರೆ ಬಿಟ್ಟಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದೆ ಎಂದುಕೊಳ್ಳಿ.

ಪ್ರಯೋಗದ ಹೆಸರು ಎಐಪಿ, ಅಂದರೆ ಆಟೋಇಮ್ಯೂನ್ ಪ್ರೋಟೋಕಾಲ್. ಕೆಲವು ವಾರ ಒಂದಷ್ಟು ಪದಾರ್ಥಗಳನ್ನು ಪೂರ್ತಿ ಬಿಡುವುದು, ಆಮೇಲೆ ಒಂದೊಂದಾಗಿ ವಾಪಸ್ ತಂದು ಯಾವುದು ತೊಂದರೆ ಕೊಡುತ್ತದೆ ಎಂದು ನೋಡುವುದು. ಬಿಡುವ ಪಟ್ಟಿ ಕೇಳಿದರೆ ಅಳು ಬರುತ್ತದೆ. ಎಲ್ಲ ಧಾನ್ಯ, ಎಲ್ಲ ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಗೋಡಂಬಿ ಬಾದಾಮಿ, ಎಳ್ಳು. ಟೊಮೇಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ಕ್ಯಾಪ್ಸಿಕಂ ಎಲ್ಲ ಒಂದೇ ಕುಟುಂಬದವು, ಅವೂ ಹೊರಗೆ. ಬೀಜದಿಂದ ಬರುವ ಮಸಾಲೆ ಇಲ್ಲ, ಅಂದರೆ ಸಾಸಿವೆ, ಜೀರಿಗೆ, ಕೊತ್ತಂಬರಿ ಬೀಜ, ಮೆಂತ್ಯ. ಕಾಳುಮೆಣಸನ್ನೂ ನಾನು ಆಗ ಬಿಟ್ಟಿದ್ದೆ. ಕಾಫಿ ಇಲ್ಲ. ಕಾಫಿಯ ವಿಷಯ ಇಲ್ಲಿ ಬರೆಯುವುದಿಲ್ಲ, ಆ ಗಾಯ ಇನ್ನೂ ಹಸಿ.

"ಸಿರಿಧಾನ್ಯ ತಿನ್ನಬಹುದಲ್ವಾ?" ಎಂದು ಹತ್ತರಲ್ಲಿ ಎಂಟು ಜನ ಕೇಳುತ್ತಾರೆ. ನವಣೆ, ಸಾಮೆ, ರಾಗಿ, ಜೋಳ ಎಲ್ಲವೂ ಧಾನ್ಯವೇ. ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟಿನ ಪ್ರೋಟೀನ್, ಇಲ್ಲ ಅಷ್ಟೇ. ಪಕ್ಕದ ಮನೆ ಆಂಟಿ "ಏಕಾದಶಿ ಫಲಾಹಾರದ ತರ ಮಾಡ್ಕೊಳ್ಳಿ" ಎಂದರು. ನಮ್ಮ ಕಡೆ ಏಕಾದಶಿ ಫಲಾಹಾರ ಎಂದರೆ ಅವಲಕ್ಕಿ, ಇಲ್ಲದಿದ್ದರೆ ಉಪ್ಪಿಟ್ಟು. ಒಂದು ಅಕ್ಕಿ, ಇನ್ನೊಂದು ಗೋಧಿ! ಆದರೆ ಸಬ್ಬಕ್ಕಿ ನಡೆಯುತ್ತದೆ. ಹೆಸರಲ್ಲಿ ಅಕ್ಕಿ ಇದ್ದರೂ ಅದು ಮರಗೆಣಸಿನ ಪಿಷ್ಟ, ತಮಿಳುನಾಡಿನ ಸೇಲಂ ಕಡೆ ತಯಾರಾಗುವುದು. ಕಡಲೆಕಾಯಿ, ಆಲೂಗಡ್ಡೆ ಹಾಕದೆ ಕಾಯಿತುರಿ ಮುಂದಾಗಿ ಮಾಡಿಕೊಳ್ಳಬಹುದು. ಬರೀ ಪಿಷ್ಟವಾದ್ದರಿಂದ ನಾನು ವಾರಕ್ಕೊಮ್ಮೆಗೆ ನಿಲ್ಲಿಸುತ್ತೇನೆ.

ಈ ಎಐಪಿಗೆ ಆಧಾರ ಏನು ಎಂದೂ ಕೇಳುತ್ತಾರೆ. ಆಧಾರ ಚಿಕ್ಕದು. 2017ರಲ್ಲಿ ಅಮೆರಿಕದಲ್ಲಿ ಕರುಳಿನ ಉರಿಯೂತದ ಕಾಯಿಲೆ ಇದ್ದ 15 ಜನರ ಮೇಲೆ ಒಂದು ಅಧ್ಯಯನ ಆಯಿತು. 6ನೇ ವಾರದ ಹೊತ್ತಿಗೆ ಅವರಲ್ಲಿ 11 ಜನರಿಗೆ ಕಾಯಿಲೆಯ ಲಕ್ಷಣ ಹತೋಟಿಗೆ ಬಂದಿತ್ತು. 2019ರಲ್ಲಿ ಹಶಿಮೊಟೊ, ಅಂದರೆ ಥೈರಾಯ್ಡ್ ಗ್ರಂಥಿಯ ಆಟೋಇಮ್ಯೂನ್ ಕಾಯಿಲೆ ಇದ್ದ 16 ಹೆಂಗಸರು 10 ವಾರ ಇದನ್ನೇ ಮಾಡಿದರು. ಅವರಿಗೆ ಸುಸ್ತು ಕಮ್ಮಿಯಾಗಿ ಹಗುರ ಅನಿಸಿತು, ಆದರೆ ಥೈರಾಯ್ಡ್ ಅಂಕಿಗಳು ಹೇಳುವಷ್ಟು ಬದಲಾಗಲಿಲ್ಲ. ಎರಡರಲ್ಲೂ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಇಷ್ಟನ್ನು ನಂಬಿ ಯಾರಿಗೂ "ಇದರಿಂದ ವಾಸಿಯಾಗುತ್ತೆ" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಏಳು ವಾರ ಮಾಡಿ ನೋಡೋಣ ಎನ್ನಿಸುವಷ್ಟು ಕುತೂಹಲ ಮಾತ್ರ ಬಂತು.

ಸರಿ, ತಿಂಡಿಗೆ ಬರೋಣ.

ಮೊದಲ ವಾರ ನಾನು ಮಾಡಿದ ತಪ್ಪು ನಕಲಿ ಇಡ್ಲಿ. ಆನ್‌ಲೈನಿನಲ್ಲಿ ಯಾವುದೋ ದುಬಾರಿ ಹಿಟ್ಟು ತರಿಸಿ, ತೆಂಗಿನಹಾಲು ಹಾಕಿ ಕಲಸಿ ಇಡ್ಲಿ ತಟ್ಟೆಗೆ ಹೊಯ್ದೆ. ಬಂದಿದ್ದು ಬೂಟಿನ ಅಟ್ಟೆ. ಮಗ ಒಂದನ್ನು ಗೋಡೆಗೆ ಎಸೆದು ನೋಡಿದ, ವಾಪಸ್ ಬಂತು. ಅವತ್ತು ಸಿಟ್ಟಿನಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ. "ಗೆಡ್ಡೆ ಬೇಯಿಸ್ಕೊಂಡು ತಿನ್ನು ಮಾರಾಯ್ತಿ. ಮಳೆಗಾಲದಲ್ಲಿ ನಾವು ಅದನ್ನೇ ತಿಂದು ದೊಡ್ಡವರಾಗಿದ್ದು" ಎಂದರು.

ಈಗ ಯಾರು ಕೇಳಿದರೂ ನನ್ನ ಮೊದಲ ಉತ್ತರ ಅದೇ: ಗೆಡ್ಡೆ. ತಿಂಡಿ ಎಂದರೆ ದುಂಡಗೆ, ಬೆಳ್ಳಗೆ, ಮೆತ್ತಗೆ ಇರಬೇಕು ಅನ್ನುವುದನ್ನು ಬಿಟ್ಟರೆ ಅರ್ಧ ಕಷ್ಟ ಮುಗಿಯಿತು.

ಗೆಣಸು ಎಲ್ಲಕ್ಕಿಂತ ಸುಲಭ. ಆಲೂಗಡ್ಡೆಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಕುಟುಂಬವೇ ಬೇರೆ. ಸಂಕ್ರಾಂತಿಯಲ್ಲಿ ಗೆಣಸು, ಅವರೆಕಾಯಿ, ಕಡಲೆಕಾಯಿ ಮೂರನ್ನೂ ಒಟ್ಟಿಗೆ ಬೇಯಿಸಿ ಇಟ್ಟಾಗ ನಾನು ಗೆಣಸನ್ನಷ್ಟೇ ಆರಿಸಿ ತಿಂದೆ, ಉಳಿದೆರಡೂ ಕಾಳಿನ ಜಾತಿ. ಸುವರ್ಣಗೆಡ್ಡೆ ಹೆಚ್ಚುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಬೇಯಿಸುವಾಗ ಹುಣಸೆಹುಳಿ ಹಾಕಿ. ಅದರಲ್ಲಿರುವ ಆಕ್ಸಲೇಟ್ ಹರಳು ಸೂಜಿಯ ಹಾಗೆ ಚುಚ್ಚುವುದರಿಂದಲೇ ಗಂಟಲು ತುರಿಸುವುದು. ಕೆಸುವಿನ ಗೆಡ್ಡೆಗೂ ಇದೇ ಮಾತು. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಇವೆರಡನ್ನೂ ಡಾಕ್ಟರನ್ನು ಕೇಳದೆ ಜಾಸ್ತಿ ತಿನ್ನಬೇಡಿ.

ಮರಗೆಣಸು ಬೆಂಗಳೂರಿನಲ್ಲಿ ಕೇರಳದವರ ಅಂಗಡಿಯಲ್ಲಿ ಸಿಗುತ್ತದೆ, ಕಪ್ಪ ಎಂದು ಕೇಳಿದರೆ ಬೇಗ ಕೊಡುತ್ತಾರೆ. ಹೊರಸಿಪ್ಪೆ, ಒಳಗಿನ ಗುಲಾಬಿ ಪದರ, ನಡುವಿನ ನಾರು ಮೂರನ್ನೂ ತೆಗೆಯಬೇಕು. ತುಂಬಾ ನೀರಿನಲ್ಲಿ, ಮುಚ್ಚಳ ಹಾಕದೆ ಬೇಯಿಸಿ ಆ ನೀರು ಚೆಲ್ಲಬೇಕು. ಅದರಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ಹಸಿಯಾಗಿ ಬಾಯಿಗೆ ಹಾಕಲೇಬೇಡಿ. ಥೈರಾಯ್ಡ್ ತೊಂದರೆ ಇದ್ದವರು ಇದನ್ನು ದಿನಾ ತಿಂಡಿ ಮಾಡಿಕೊಳ್ಳುವುದು ಒಳ್ಳೆಯದಲ್ಲ.

ಒಗ್ಗರಣೆಯ ವಿಷಯದಲ್ಲಿ ನಾನು ನಿಜವಾಗಿ ಒದ್ದಾಡಿದೆ. ಸಾಸಿವೆ ಇಲ್ಲ, ಉದ್ದಿನಬೇಳೆ ಇಲ್ಲ, ಒಣಮೆಣಸು ಇಲ್ಲ. ಎಣ್ಣೆ ಕಾಯುತ್ತದೆ, ಹಾಕಲು ಏನೂ ಇಲ್ಲ! ಮೊದಲ ಎರಡು ದಿನ ಸೌಟು ಹಿಡಿದು ಸುಮ್ನೆ ನಿಂತಿದ್ದೆ. ಆಮೇಲೆ ಒಂದು ದಾರಿ ಸಿಕ್ಕಿತು. ಕೊಬ್ಬರಿ ಎಣ್ಣೆ ಕಾದ ಮೇಲೆ ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು. ಅದು ಅಂಚಿನಲ್ಲಿ ಕೆಂಪಾಗುತ್ತಿದ್ದ ಹಾಗೆ ಸಣ್ಣಗೆ ಹೆಚ್ಚಿದ ಶುಂಠಿ, ಎರಡು ಕಡ್ಡಿ ಕರಿಬೇವು, ಚಿಟಿಕೆ ಅರಿಶಿನ. ಅದಕ್ಕೆ ಬೆಂದ ಗೆಡ್ಡೆ, ಉಪ್ಪು, ಒಂದು ಹಿಡಿ ಕಾಯಿತುರಿ, ಇಳಿಸಿದ ಮೇಲೆ ನಿಂಬೆಹುಳಿ. ಖಾರಕ್ಕೆ ಶುಂಠಿ ಒಂದೇ ಗತಿ, ಹಾಗಾಗಿ ಧಾರಾಳವಾಗಿ ಹಾಕಿ. ಇಂಗು ಹಾಕುವ ಆಸೆಯಿದ್ದರೆ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ನಾನು ಎರಡು ವಾರ ಗೊತ್ತಿಲ್ಲದೆ ಹಾಕಿದ್ದೆ.

ಇನ್ನೊಂದು ಮಾತು. ಕೀಲು ನೋವಿನವರಿಗೆ ಬೆಳಿಗ್ಗೆಯೇ ಕೆಟ್ಟ ಹೊತ್ತು. ಆರು ಗಂಟೆಗೆ ನನಗೆ ಕಾಯಿ ತುರಿಯಲು ಆಗುವುದಿಲ್ಲ. ಸುವರ್ಣಗೆಡ್ಡೆ ಹೆಚ್ಚುವ ಮಾತು ಬಿಡಿ, ಕುಕ್ಕರಿನ ಮುಚ್ಚಳ ಹಾಕಲೂ ಯಜಮಾನರನ್ನು ಕರೆಯಬೇಕಿತ್ತು. ಆದ್ದರಿಂದ ಹೆಚ್ಚುವುದು, ತುರಿಯುವುದು, ಬೇಯಿಸುವುದು ಎಲ್ಲ ಹಿಂದಿನ ರಾತ್ರಿಯೇ. ಬೆಳಿಗ್ಗೆ ಒಗ್ಗರಣೆ ಮಾತ್ರ.

ದೋಸೆ ಇಲ್ಲದೆ ಬದುಕಲಾರೆ ಅನ್ನುವವರಿಗೆ ಬಾಳೆಕಾಯಿ ದೋಸೆ ಇದೆ. ಇದು ನಕಲಿಯಲ್ಲ, ತನ್ನದೇ ರುಚಿ ಇರುವ ವಸ್ತು. ಎರಡು ನೇಂದ್ರ ಬಾಳೆಕಾಯಿ ಬೇಕು, ಪೂರ್ತಿ ಹಸಿರಾಗಿರಬೇಕು. ಸ್ವಲ್ಪ ಹಳದಿ ತಿರುಗಿದ್ದರೂ ಕಾವಲಿಗೆ ಅಂಟಿ ಕೂರುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು ಸಿಪ್ಪೆ ತೆಗೆಯಿರಿ, ಇಲ್ಲದಿದ್ದರೆ ಸೊನೆ ಹತ್ತಿ ಬೆರಳು ಎರಡು ದಿನ ಕಪ್ಪಗಿರುತ್ತದೆ. ಹೋಳು ಮಾಡಿ, ಅರ್ಧ ಲೋಟ ನೀರು, ಎರಡು ಚಮಚ ಕೊಬ್ಬರಿ ಎಣ್ಣೆ, ಉಪ್ಪು, ಶುಂಠಿ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಹುದುಗಿಸುವ ಗೋಜಿಲ್ಲ. ಸೆಟ್ ದೋಸೆಯಷ್ಟು ದಪ್ಪಕ್ಕೆ ಹೊಯ್ದು ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ. ಅಂಚು ತಾನಾಗಿ ಎದ್ದಮೇಲೆ ಮಗುಚಿ. ಅವಸರ ಮಾಡಿದರೆ ಚೂರು ಚೂರು. ಚಟ್ನಿಗೆ ಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿ, ಹುಣಸೆ, ಉಪ್ಪು ಸಾಕು.

ಹೊಟ್ಟೆ ಸರಿಯಿಲ್ಲದ ದಿನ ಕೂವೆ ಹಿಟ್ಟಿನ ಗಂಜಿ. ಊರಿನಲ್ಲಿ ಗೆಡ್ಡೆ ತುರಿದು, ಹಿಂಡಿ, ನೀರಿನಲ್ಲಿ ತಳ ಕೂರಿಸಿ, ನಾಲ್ಕೈದು ಸಲ ನೀರು ಬದಲಿಸಿ ಬಿಸಿಲಿಗೆ ಒಣಗಿಸುತ್ತಾರೆ. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲೇ ಕರಗಿಸಿ ಒಲೆಗಿಡಿ. ಹಾಲಿನಂತಿದ್ದದ್ದು ಇದ್ದಕ್ಕಿದ್ದಂತೆ ಗಾಜಿನ ಹಾಗೆ ತಿಳಿಯಾಗುತ್ತದೆ. ಆಗ ತೆಂಗಿನಹಾಲು, ಉಪ್ಪು.

ಇಷ್ಟೆಲ್ಲ ಹೇಳಿದ್ದು ಪಿಷ್ಟವೇ ಆಯಿತು, ಪ್ರೋಟೀನ್ ಎಲ್ಲಿ? ನಾವು ಮೀನು, ಮಾಂಸ ತಿನ್ನುವವರು. ರಾತ್ರಿಯ ಬಂಗುಡೆ ಸಾರು ಬೆಳಿಗ್ಗೆ ಮರಗೆಣಸಿಗೆ ಚೆನ್ನಾಗಿರುತ್ತದೆ. ಮೆಣಸಿನಕಾಯಿ ಬಿಟ್ಟು ಕಾಯಿ, ಶುಂಠಿ, ಬೆಳ್ಳುಳ್ಳಿ, ಅರಿಶಿನ, ಮುರುಗಲು ಹಾಕಿ ಮಾಡುತ್ತೇನೆ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಬೆಳಗ್ಗೆಯೇ ಕಾಲು ಸೂಪು ಸಿಗುವುದು ನೆನಪಾಗಿ, ಭಾನುವಾರ ಅದನ್ನೂ ಶುಂಠಿ, ಚಕ್ಕೆ, ಲವಂಗ, ಪುದೀನ ಹಾಕಿ ಮನೆಯಲ್ಲೇ ಮಾಡಿದೆ. ಗೆಡ್ಡೆ ಅಂಗೈಯಗಲ, ಉಳಿದ ತಟ್ಟೆ ಮೀನು ಮತ್ತು ಸೊಪ್ಪು, ಇದು ನನ್ನ ಲೆಕ್ಕ. ಸ್ಟಿರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಶುಗರ್ ಏರುವುದುಂಟು, ಅವರು ಗೆಡ್ಡೆಯ ಅಳತೆ ಇನ್ನೂ ಬಿಗಿ ಹಿಡಿಯಬೇಕು.

ಮೀನು, ಮಾಂಸ ತಿನ್ನದವರು ಕೇಳಿದರೆ ನೇರವಾಗಿ ಹೇಳಿಬಿಡುತ್ತೇನೆ: ಪೂರ್ತಿ ಪಟ್ಟಿ ನಿಮಗೆ ಬೇಡ. ಬೇಳೆ, ಹಾಲು, ಮೊಟ್ಟೆ, ಬೀಜ ಎಲ್ಲ ಬಿಟ್ಟರೆ ಪ್ರೋಟೀನಿಗೆ ದಾರಿಯೇ ಇರುವುದಿಲ್ಲ, ಬಿ12 ಕೂಡ ಕುಸಿಯುತ್ತದೆ. ಮೊಟ್ಟೆ ಮತ್ತು ಧಾನ್ಯವನ್ನಷ್ಟೇ ಬಿಡಿ, ಬೇಳೆ ಇಟ್ಟುಕೊಳ್ಳಿ. ಆಗ ಹೆಸರುಕಾಳಿನ ದೋಸೆ, ಕಡಲೆಹಿಟ್ಟಿನ ದೋಸೆ, ಪನೀರು, ಮೊಸರು, ಒಂದೆಲಗದ ತಂಬುಳಿ ಎಲ್ಲ ಬರುತ್ತದೆ. ಅದೂ ಡಾಕ್ಟರಿಗೆ ಹೇಳಿಯೇ.

ಫಲ ಸಿಕ್ಕಿತಾ? ಏಳು ವಾರ ಮುಗಿಯುವಾಗ ಬೆಳಗಿನ ಬಿಗಿತ ಕಮ್ಮಿಯಾಗಿತ್ತು. ಆದರೆ ಅದೇ ಸಮಯದಲ್ಲಿ ಡಾಕ್ಟರು ಮಾತ್ರೆಯ ಡೋಸ್ ಕೂಡ ಏರಿಸಿದ್ದರು. ಗೆಡ್ಡೆಗೆ ಎಷ್ಟು ಅಂಕ, ಮಾತ್ರೆಗೆ ಎಷ್ಟು ಎಂದು ನಾನು ಹಂಚಲಾರೆ. ವಾಪಸ್ ತರುವಾಗ ತಿಳಿದದ್ದು ಸ್ವಲ್ಪ ಗಟ್ಟಿ. ಒಂದು ಸಲಕ್ಕೆ ಒಂದೇ ಪದಾರ್ಥ, ಸ್ವಲ್ಪವೇ, ಆಮೇಲೆ ಐದಾರು ದಿನ ಕಾಯುವುದು. ಸಾಸಿವೆ, ಜೀರಿಗೆ, ಕಾಳುಮೆಣಸು, ತುಪ್ಪ ತಕರಾರಿಲ್ಲದೆ ಬಂದವು. ಮೊಟ್ಟೆ ತಿಂದ ಮೂರನೇ ದಿನ ಬೆರಳು ಬಿಗಿಯಿತು. ತಿಂಗಳು ಬಿಟ್ಟು ನೋಡಿದೆ, ಮತ್ತೆ ಅದೇ. ಸದ್ಯಕ್ಕೆ ಮೊಟ್ಟೆ ಹೊರಗಿದೆ. ಟೊಮೇಟೊ ಅನುಮಾನದಲ್ಲಿದೆ.

ದೊಡ್ಡಮ್ಮನ ಈಗಿನ ಪ್ರಶ್ನೆ ಬೇರೆ: "ಇಡ್ಲಿ ಯಾವಾಗ ತಿಂತೀಯೇ?" ಇಡ್ಲಿಯ ಕಷ್ಟ ಏನೆಂದರೆ ಅದರಲ್ಲಿ ಎರಡು ಪದಾರ್ಥ ಇವೆ, ಎರಡನ್ನೂ ಬೇರೆ ಬೇರೆ ನೋಡಬೇಕು. ಅಕ್ಕಿ ಕಳೆದ ತಿಂಗಳು ಪಾಸಾಯಿತು, ಅವತ್ತು ಗಂಜಿಗೆ ಉಪ್ಪು ಹಾಕಿಕೊಂಡು ಎರಡು ಬಟ್ಟಲು ಕುಡಿದೆ. ಉದ್ದು ಬಾಕಿ ಇದೆ. ಬರುವ ಸೋಮವಾರ ಗೆಣಸಿನ ಪಲ್ಯದ ಒಗ್ಗರಣೆಗೆ ಒಂದು ಚಮಚ ಉದ್ದಿನಬೇಳೆ ಹಾಕುತ್ತೇನೆ. ಶನಿವಾರದವರೆಗೆ ಬೆರಳು ಮಡಚಿದರೆ ದೊಡ್ಡಮ್ಮನಿಗೆ ಫೋನ್ ಮಾಡಿ ಅಕ್ಕಿ ನೆನೆಹಾಕಲು ಹೇಳಬೇಕು.