ಕೂಪರ್ ಚೌಕದ ಅಜ್ಜ

ಜರ್ಸಿ ಸಿಟಿಯಿಂದ ರೈಲು ಹಿಡಿದು ಮ್ಯಾನ್‌ಹಟನ್ನಿನ ಒಂಬತ್ತನೇ ಬೀದಿಯಲ್ಲಿ ಇಳಿದೆವು. ಅಲ್ಲಿಂದ ಪೂರ್ವಕ್ಕೆ ನಡೆದರೆ ಕೂಪರ್ ಯೂನಿಯನ್ ಕಾಲೇಜು. ಮಗಳಿಗೆ ನನ್ನನ್ನು ಗಗನಚುಂಬಿಗಳ ಮೇಲೆ ಹತ್ತಿಸುವ ಆಸೆ. ನನಗೆ ಈ ಅಜ್ಜನನ್ನು ನೋಡಲೇಬೇಕಿತ್ತು.

ಕಂದು ಕಲ್ಲಿನ ಕಾಲೇಜಿನೆದುರು, ಪುಟ್ಟ ಉದ್ಯಾನದ ಮಂಟಪದಡಿ ಪೀಟರ್ ಕೂಪರ್ ಕೋಲು ಹಿಡಿದು ಕೂತಿದ್ದಾರೆ. ತಾವು ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತಿದವರಲ್ಲ. ದುಡಿಯುವವರ ಮಕ್ಕಳು ಓದಲೆಂದು 1859ರಲ್ಲಿ ಇದನ್ನು ತೆರೆದರು. ಮೂರ್ತಿ ಮಾಡಿದ ಸೇಂಟ್-ಗೌಡೆನ್ಸ್ ಕೂಡ ಇಲ್ಲೇ ಕಲಿತವರು.

1876ರಲ್ಲಿ, 85ನೇ ವಯಸ್ಸಿನಲ್ಲಿ, ಕೂಪರ್ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತರು. ಪಕ್ಷದ ಹೆಸರು ಗ್ರೀನ್‌ಬ್ಯಾಕ್. ಅಂತರ್ಯುದ್ಧದ ಖರ್ಚಿಗೆಂದು 1862ರಿಂದ ಸರ್ಕಾರ ಚಿನ್ನದ ಆಧಾರವಿಲ್ಲದ, ಹಿಂಬದಿ ಹಸಿರಾದ ನೋಟು ಹೊರಡಿಸಿತ್ತು; ಪಕ್ಷದ ಹೆಸರು ಅದರಿಂದಲೇ ಬಂದದ್ದು. ಯುದ್ಧ ಮುಗಿದ ಮೇಲೆ ನೋಟು ಹಿಂತೆಗೆಯಲು ಹೊರಟಿತು. 1879ರಿಂದ ನೋಟಿಗೆ ಚಿನ್ನ ಕೊಡಬೇಕೆಂದು 1875ರಲ್ಲಿ ಕಾಯ್ದೆಯೂ ಬಂತು. ಇತ್ತ ಗೋಧಿ, ಮೆಕ್ಕೆಜೋಳದ ಬೆಲೆ ಕುಸಿಯುತ್ತಿತ್ತು, ರೈತರ ಸಾಲ ಮಾತ್ರ ಕುಸಿಯಲಿಲ್ಲ. ನೋಟು ಹಿಂತೆಗೆಯಬೇಡಿ, ಇನ್ನಷ್ಟು ಹೊರಡಿಸಿ ಎಂದು ಅವರು ಕೇಳಿದರು. ಪಕ್ಷದ ಬೇಡಿಕೆಯೂ ಅದೇ.

ಲೆಕ್ಕವಿಲ್ಲದೆ ನೋಟು ಅಚ್ಚುಹಾಕಿದರೆ ಆಗುವ ಅನಾಹುತ ನನಗೂ ಗೊತ್ತು. ಆದರೂ ಹಣದ ತೂಕ ಯಾರು ನಿರ್ಧರಿಸಬೇಕೆಂದು ಬೆಳೆ ಬೆಳೆದವನು ಕೇಳಿದ್ದು ನ್ಯಾಯ.

ಕೂಪರ್‌ಗೆ ಸಿಕ್ಕಿದ್ದು ಸುಮಾರು 80 ಸಾವಿರ ಮತ. ಎರಡೇ ವರ್ಷದಲ್ಲಿ ಪಕ್ಷದ ಮತ 10 ಲಕ್ಷ ದಾಟಿತು, ಹನ್ನೆರಡಕ್ಕೂ ಹೆಚ್ಚು ಮಂದಿ ಸಂಸತ್ತು ಸೇರಿದರು. ಅದೇ 1878ರಲ್ಲಿ ನೋಟು ಹಿಂತೆಗೆತ ನಿಂತು, ಸುಮಾರು 34.7 ಕೋಟಿ ಡಾಲರ್ ಚಲಾವಣೆಯಲ್ಲಿ ಉಳಿಯಿತು. 1880ರಲ್ಲಿ ಅಯೋವಾದ ಜೇಮ್ಸ್ ವೀವರ್ ನಿಂತಾಗ ಮತ 3 ಲಕ್ಷದಷ್ಟು. ಆ ದಶಕ ಮುಗಿಯುವುದರೊಳಗೆ ಪಕ್ಷವೇ ಇರಲಿಲ್ಲ. ನಾನು ಇದನ್ನು ಸೋಲು ಎನ್ನಲಾರೆ.

ಮಗಳು ಮಂಟಪದತ್ತ ನೋಡುತ್ತಾ, "ಅಪ್ಪಾ, ಬೆಲೆ ಬಿದ್ರೆ ಸಾಲ ಹೆಂಗ ಹೆಚ್ಚಾಗ್ತದ?" ಎಂದಳು.

ಬ್ಯಾಡಗಿ ಮಾರುಕಟ್ಟೆಯ ಕಥೆ ಹೇಳಿದೆ. ಹತ್ತು ಚೀಲ ಮೆಣಸಿನಕಾಯಿ ಮಾರಿದರೆ ತೀರುತ್ತದೆಂದು ನನ್ನ ಅಪ್ಪ ಸಾಲ ತಂದಿದ್ದರು. ಕಟ್ಟುವ ಹೊತ್ತಿಗೆ ಅಷ್ಟೇ ರೂಪಾಯಿಗೆ ಹದಿನೆಂಟು ಚೀಲ ಬೇಕಾಯಿತು.

"ಅಜ್ಜನ ಹತ್ರ ಎಷ್ಟಿದ್ವು?"

"ಹನ್ನೊಂದು. ಉಳಿದದ್ದಕ್ಕ ಎತ್ತು ಮಾರಿದ್ರು."